ಪ್ರಾಂಗ್‌ಹಾರ್ನ್ ಟ್ಯಾಗ್: ಅರ್ಜಿ ಎಲ್ಲಿಗೆ, ಯಾವಾಗ?

ಅಮೆರಿಕದಲ್ಲಿ ಪ್ರಾಂಗ್‌ಹಾರ್ನ್ (ಜಿಂಕೆಯಂಥ ಕಾಡುಪ್ರಾಣಿ) ಬೇಟೆಯ ಟ್ಯಾಗ್, ಅಂದರೆ ಒಂದು ಪ್ರಾಣಿ ಹೊಡೆಯುವ ಪರವಾನಗಿ, ಬಹುತೇಕ ಲಾಟರಿಯಲ್ಲೇ ಸಿಗುವುದು. ಆದರೆ ಟ್ಯಾಗ್ ಬಂದ ಮೇಲೆ ಕಾಲಿಡಲು ಜಾಗವೇ ಇಲ್ಲದೆ ಒದ್ದಾಡುವವರನ್ನು ನೋಡಿ ನೋಡಿ ಸಾಕಾಗಿದೆ.

1. ಮೊದಲ ಸಲವಾದರೆ ವಯೋಮಿಂಗ್. ಈ ಪ್ರಾಣಿ ಅತಿ ಹೆಚ್ಚು ಇರುವುದು ಅಲ್ಲೇ. ಅರಿಜೋನಾ, ನೆವಾಡಾ ಕನಸು ಆಮೇಲೆ ಕಾಣಿ.

2. ಗಡುವು: ಕೊಲರಾಡೊಗೆ ಏಪ್ರಿಲ್ ಆರಂಭ. ವಯೋಮಿಂಗ್, ಮೊಂಟಾನಾಗೆ ಜೂನ್ ಆರಂಭ. ವಯೋಮಿಂಗ್‌ನಲ್ಲಿ ಹೊರ ರಾಜ್ಯದವರ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಗಡುವು ಫೆಬ್ರವರಿಯಲ್ಲಿ, ಅದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ.

3. ಜನ ಎಡವುವುದು ಪ್ರದೇಶ ಆರಿಸುವಾಗ. ಹಿಂದಿನ ವರ್ಷದ ಡ್ರಾ (ಲಾಟರಿ) ಪಟ್ಟಿ ತೆಗೆದು, ಎಲ್ಲರಿಗೂ ಟ್ಯಾಗ್ ಸಿಕ್ಕ ಪ್ರದೇಶದ ನಂಬರ್ ನೋಡಿ ಸುಮ್ನೆ ಅರ್ಜಿ ಹಾಕುತ್ತಾರೆ. ಅಷ್ಟು ಸುಲಭವಾಗಿ ಯಾಕೆ ಸಿಗುತ್ತೆ ಅಂತ ಕೇಳಿಕೊಳ್ಳುವುದಿಲ್ಲ. ವಯೋಮಿಂಗ್‌ನ ಪೂರ್ವ ಭಾಗದಲ್ಲಿ ಖಾಸಗಿ ರ‍್ಯಾಂಚ್‌ಗಳೇ ಜಾಸ್ತಿ. ಮಾಲೀಕರ ಒಪ್ಪಿಗೆ ಇಲ್ಲದೆ ಒಳಗೆ ಹೋಗುವಂತಿಲ್ಲ, ಎಷ್ಟೋ ಕಡೆ ಅದಕ್ಕೂ ದುಡ್ಡು ಕೇಳುತ್ತಾರೆ. ಆದ್ದರಿಂದ ಮೊದಲು ನಕ್ಷೆ, ಆಮೇಲೆ ಪಟ್ಟಿ. ಸಾಮಾನ್ಯವಾಗಿ ಹಳದಿ ಬಣ್ಣ ಬಿಎಲ್‌ಎಂ (ಕೇಂದ್ರ ಸರ್ಕಾರದ ಭೂ ಇಲಾಖೆ) ಜಮೀನು, ನೀಲಿ ರಾಜ್ಯದ್ದು, ಬಿಳಿ ಖಾಸಗಿ. ಹಳದಿ ಕಂಡ ತಕ್ಷಣ ಕುಣಿಯಬೇಡಿ. ಅದಕ್ಕೆ ಸಾರ್ವಜನಿಕ ರಸ್ತೆ ತಾಗಿದೆಯಾ ನೋಡಿ. ನಾಲ್ಕೂ ಕಡೆ ಬಿಳಿ ಸುತ್ತಿಕೊಂಡ ಹಳದಿ ತುಂಡಿನಿಂದ ನಿಮಗೇನು ಪ್ರಯೋಜನ? ಖಾಸಗಿ ಜಮೀನಿನಲ್ಲಿ ಬೇಟೆಗೆ ರಾಜ್ಯದ ವನ್ಯಜೀವಿ ಇಲಾಖೆಯೇ ಒಪ್ಪಂದ ಮಾಡಿಕೊಂಡ 'ವಾಕ್-ಇನ್' ಜಾಗಗಳೂ ಇವೆ, ಅವನ್ನೂ ಗುರುತು ಹಾಕಿಕೊಳ್ಳಿ.

ನೈಋತ್ಯದ ರೆಡ್ ಡೆಸರ್ಟ್ ಕಡೆ ಸರ್ಕಾರಿ ಜಮೀನು ಧಾರಾಳ, ಪೈಪೋಟಿಯೂ ಅಷ್ಟೇ. ಅದೂ ಅಲ್ಲದೆ 2022-23ರ ಭೀಕರ ಚಳಿಗಾಲದಲ್ಲಿ ನೈಋತ್ಯ ಭಾಗದಲ್ಲಿ ಸಾವಿರಾರು ಪ್ರಾಣಿಗಳು ಸತ್ತು, ಟ್ಯಾಗ್‌ಗಳನ್ನೂ ಕಡಿತ ಮಾಡಿದರು. ಅದಕ್ಕೂ ಹಿಂದಿನ ಪಟ್ಟಿ ಹಿಡಿದು ಲೆಕ್ಕ ಹಾಕಿದರೆ ಕೈ ಸುಟ್ಟುಕೊಳ್ಳುತ್ತೀರಿ. ಇದನ್ನೆಲ್ಲ ಲೆಕ್ಕ ಹಾಕಿಕೊಡುವ ದುಬಾರಿ ಆ್ಯಪ್‌ಗಳು ಬಂದಿವೆ, ಮೊದಲ ಸಲಕ್ಕೆ ದಂಡ. ಡ್ರಾ ಪಟ್ಟಿಯನ್ನು ವಯೋಮಿಂಗ್ ಗೇಮ್ ಆ್ಯಂಡ್ ಫಿಶ್ ಇಲಾಖೆ ಪುಕ್ಕಟೆ ಕೊಡುತ್ತದೆ.

4. ಪಾಯಿಂಟ್ (ಡ್ರಾದಲ್ಲಿ ಆದ್ಯತೆ ಕೊಡುವ ಅಂಕ): ವಯೋಮಿಂಗ್‌ನಲ್ಲಿ ಹೊರ ರಾಜ್ಯದವರ ಟ್ಯಾಗ್‌ಗಳಲ್ಲಿ ಶೇ. 75 ಪಾಯಿಂಟ್ ಜಾಸ್ತಿ ಇದ್ದವರಿಗೆ, ಉಳಿದ ಶೇ. 25 ಬರೀ ಅದೃಷ್ಟಕ್ಕೆ. ಅರ್ಜಿಯಲ್ಲಿ ಬರೆದ ಮೊದಲ ಆಯ್ಕೆಯ ಪ್ರದೇಶ ಸಿಕ್ಕರೆ ಮಾತ್ರ ಪಾಯಿಂಟ್ ಸೊನ್ನೆಯಾಗುತ್ತದೆ. ಹಾಗಾಗಿ ಎರಡನೇ ಆಯ್ಕೆಯ ಜಾಗ ಖಾಲಿ ಬಿಡಬೇಡಿ. 'ಸ್ಪೆಷಲ್' ಲೈಸೆನ್ಸ್ ಬೆಲೆ ಮಾಮೂಲಿಗಿಂತ ಎಷ್ಟೋ ಜಾಸ್ತಿ, ಹೊಡೆಯುವುದು ಅದೇ ಪ್ರಾಣಿ. ನಾನಾದರೆ ಬೇಡ ಅಂತೀನಿ. ಮಾಂಸಕ್ಕಾಗಿ ಹೋಗುವವರು ಹೆಣ್ಣು-ಮರಿಗಳ ಅಗ್ಗದ ಟ್ಯಾಗ್ ನೋಡಲಿ.

5. ಕಾಗದಪತ್ರ: ವಯೋಮಿಂಗ್‌ನಲ್ಲಿ 1966ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಬೇಟೆ ಸುರಕ್ಷತೆಯ ಸರ್ಟಿಫಿಕೇಟ್ ಬೇಕು. ಎಚ್-1ಬಿ ವೀಸಾದಲ್ಲಿರುವ ನಮ್ಮವರು ಗಮನಿಸಿ: ಬೇಟೆ ಲೈಸೆನ್ಸ್ ಕೈಗೆ ಬರುವ ಮುಂಚೆ ಬಂದೂಕು ಮುಟ್ಟಬೇಡಿ, ಫೆಡರಲ್ ಕಾನೂನು ಬಿಗಿ.

ಡ್ರಾದಲ್ಲಿ ಸಿಗದಿದ್ದರೆ ಉಳಿದ ಟ್ಯಾಗ್‌ಗಳನ್ನು ಆಮೇಲೆ ಮಾರುತ್ತಾರೆ. ಕೊಳ್ಳುವ ಮುಂಚೆ ಮತ್ತೆ ನಕ್ಷೆ ತೆಗೆಯಿರಿ. ಹಾಗೆ ಉಳಿಯುವುದು ಹೆಚ್ಚಾಗಿ ಬಿಳಿ ಬಣ್ಣದ ಪ್ರದೇಶದ್ದೇ.