ಕಣ್ಣು ಕಾಣದ ಗೆಳೆಯರಿಗೆ ಲೈಬ್ರರಿಯಲ್ಲಿ ಕೂತು ಪುಸ್ತಕ ರೆಕಾರ್ಡ್ ಮಾಡುವುದು ಹೇಗೆ

ಧಾರವಾಡದ ಸಪ್ತಾಪುರದ ಕಡೆ ಎಫ್‌ಡಿಎ, ಕೆಎಎಸ್, ಟಿಇಟಿ ಅಂತ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದೋಕೆ ಬರುವವರಲ್ಲಿ ಕಣ್ಣು ಕಾಣದವರೂ ಇರುತ್ತಾರೆ. ಇಂಗ್ಲಿಷ್ ಪುಸ್ತಕವಾದರೆ ಅವರ ಮೊಬೈಲೇ ಹೆಚ್ಚುಕಮ್ಮಿ ಓದಿ ಹೇಳುತ್ತದೆ. ಕನ್ನಡದ ಕಥೆ ಬೇರೆ. ಎಷ್ಟೋ ನೋಟ್ಸ್ ಇನ್ನೂ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟ್‌ನಲ್ಲೇ ಇವೆ, ಯುನಿಕೋಡ್ ಅಲ್ಲ, ಅದನ್ನು ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತಾ ಹೋಗುತ್ತದೆ. ಅದಕ್ಕೇ ಮನುಷ್ಯರ ದನಿ ಬೇಕು. ನಿಮ್ಮ ಕಾಲೇಜು ಲೈಬ್ರರಿಯಲ್ಲಿ ರೆಕಾರ್ಡಿಂಗ್ ಸೌಲಭ್ಯ ಇದ್ದರೆ, ಇಲ್ಲ ಒಂದು ಸುಮ್ಮನಿರುವ ಮೂಲೆ ಸಿಕ್ಕರೂ ಸಾಕು, ಈ ಕೆಲಸ ಮಾಡಬಹುದು.

ಮೊದಲು ಸುಗಮ್ಯ ಪುಸ್ತಕಾಲಯದಲ್ಲಿ ಹುಡುಕಿ. 2016ರಲ್ಲಿ ಶುರುವಾದ ಆನ್‌ಲೈನ್ ಲೈಬ್ರರಿ ಅದು, ಮುದ್ರಿತ ಪುಸ್ತಕ ಓದಲಾಗದವರಿಗೆಂದೇ ಇರುವುದು. ನಿಮ್ಮ ಗೆಳೆಯರು ಅಲ್ಲಿ ಹೆಸರು ನೋಂದಾಯಿಸಿದ್ದರೆ ಅವರೇ ನೋಡಿ ಹೇಳುತ್ತಾರೆ. ಅಲ್ಲಿ ಇರುವ ಪುಸ್ತಕವನ್ನೇ ಮತ್ತೆ ಓದಿ ಗಂಟಲು ಒಣಗಿಸಿಕೊಳ್ಳೋದು ಯಾಕೆ?

ಕಾಪಿರೈಟ್ ಬಗ್ಗೆ ಲೈಬ್ರೇರಿಯನ್ ಕೇಳೇ ಕೇಳುತ್ತಾರೆ, ಕೇಳಬೇಕು ಕೂಡ. 2012ರ ತಿದ್ದುಪಡಿಯ ನಂತರ ನಮ್ಮ ಕಾನೂನಿನಲ್ಲಿ ಅಂಗವಿಕಲರಿಗಾಗಿ, ಲಾಭದ ಉದ್ದೇಶವಿಲ್ಲದೆ, ಅವರು ಓದಬಲ್ಲ ರೂಪದಲ್ಲಿ ಪುಸ್ತಕದ ಪ್ರತಿ ಮಾಡಲು ಅವಕಾಶವಿದೆ. ಆದರೆ ಅದು ಅವರಿಗೆ ಮಾತ್ರ. ಆಡಿಯೋ ಚೆನ್ನಾಗಿ ಬಂತು ಅಂತ ಯೂಟ್ಯೂಬ್‌ಗೆ ಏರಿಸುವುದು, ಎಲ್ಲರೂ ಇರುವ ಟೆಲಿಗ್ರಾಂ ಗ್ರೂಪಿಗೆ ಹಾಕುವುದು, ಇವೆರಡೂ ಬೇಡ. ಯಾರಿಗಾಗಿ, ಯಾವ ಪುಸ್ತಕ, ಫೈಲ್ ಯಾರ ಹತ್ತಿರ ಇರುತ್ತದೆ ಅಂತ ಒಂದು ಅರ್ಜಿಯಲ್ಲಿ ಬರೆದುಕೊಡಿ.

ಇನ್ನು ಜಾಗ. ರೆಕಾರ್ಡಿಂಗ್ ರೂಮ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕಪಾಟುಗಳ ಸಾಲಿನ ನಡುವೆ ಟೇಬಲ್ ಹಾಕಿಸಿಕೊಳ್ಳಿ. ಖಾಲಿ ಗೋಡೆಯ ರೂಮಿನಲ್ಲಿ ದನಿ ಗೊಂಯ್ ಅನ್ನುತ್ತದೆ, ಪುಸ್ತಕ ತುಂಬಿದ ಕಪಾಟು ಆ ಪ್ರತಿಧ್ವನಿಯನ್ನು ನುಂಗುತ್ತದೆ. ಫ್ಯಾನ್ ಆಫ್ ಮಾಡಿ, ಬೇಸಿಗೆಯಲ್ಲಿ ಕಷ್ಟ, ಆದರೂ ಮಾಡಿ. ಮೊಬೈಲ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಕರೆಂಟ್ ಹೋದಾಗ ಕುಂಯ್ ಕುಂಯ್ ಅನ್ನುವ ಯುಪಿಎಸ್‌ನಿಂದ ದೂರ ಕೂತುಕೊಳ್ಳಿ. ಮಳೆಗಾಲದಲ್ಲಿ ತಗಡಿನ ಛಾವಣಿಯ ಕೆಳಗೆ ಕೂರಲೇಬೇಡಿ.

ಮೈಕ್ ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ಸ್ವಲ್ಪ ಪಕ್ಕಕ್ಕೆ. ಇಲ್ಲದಿದ್ದರೆ ಪ, ಫ, ಭ ಬಂದಾಗಲೆಲ್ಲ ಗಾಳಿ ಬಡಿದು ಡಬ್ ಅನ್ನುತ್ತದೆ. ದನಿ ಎಷ್ಟು ಜೋರಿದೆ ಅಂತ ತೋರಿಸುವ ಲೆವೆಲ್ ಮೀಟರ್ ಮೈನಸ್ 12ರಿಂದ ಮೈನಸ್ 6 ಡಿಬಿ ಒಳಗೆ ಆಡುತ್ತಿರಲಿ, ಸೊನ್ನೆ ಮುಟ್ಟಬಾರದು. ರೆಕಾರ್ಡ್ ಮಾಡಲು ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಸಾಕು, ಪುಕ್ಕಟೆ ಸಿಗುತ್ತದೆ. ಮೊನೋದಲ್ಲಿ, ಅಂದರೆ ಒಂದೇ ಚಾನೆಲ್‌ನಲ್ಲಿ, 44.1 ಕಿಲೋಹರ್ಟ್ಜ್, 16 ಬಿಟ್ ವೇವ್ ಫೈಲ್ ಮಾಡಿ, ತಾಸಿಗೆ ಸುಮಾರು 320 ಎಂಬಿ ಆಗುತ್ತದೆ, ಅದು ಲೈಬ್ರರಿಯಲ್ಲೇ ಇರಲಿ. ಗೆಳೆಯರಿಗೆ ಕೊಡಲು 64 ಕೆಬಿಪಿಎಸ್ ಎಂಪಿ3 ಮಾಡಿದರೆ ಅದೇ ಒಂದು ತಾಸು 30 ಎಂಬಿಯೊಳಗೆ ಬರುತ್ತದೆ.

ಬಾಯಿಯ ಬಗ್ಗೆಯೂ ಒಂದು ಮಾತು. ಪೇಢೆ ತಿಂದು ಬಂದು ಮೈಕ್ ಮುಂದೆ ಕೂರಬೇಡಿ, ನಾಲಿಗೆ ಅಂಟುವ ಸದ್ದೆಲ್ಲ ಅದರಲ್ಲಿ ಬರುತ್ತದೆ. ನೀರು ಇಟ್ಟುಕೊಳ್ಳಿ, ಚಹಾ ಆಮೇಲೆ.

ಈಗ ಓದುವುದು. ಎಲ್ಲರೂ ಎಡವುವುದು ಇಲ್ಲೇ, ಯಾಕಂದ್ರೆ ದನಿ ಚೆನ್ನಾಗಿದ್ದರೆ ಸಾಕು ಅಂದುಕೊಂಡಿರುತ್ತಾರೆ. ನೀವು ರೇಡಿಯೋ ನಾಟಕ ಮಾಡುತ್ತಿಲ್ಲ. ಕೇಳುವವರು ಪರೀಕ್ಷೆಗೆ ಓದುತ್ತಿದ್ದಾರೆ, ಬೇಕಾದ ಜಾಗಕ್ಕೆ ವಾಪಸ್ ಹೋಗಲು ಆಗಬೇಕು. ಮೊದಲಿಗೆ ಪುಸ್ತಕದ ಹೆಸರು, ಲೇಖಕರು, ಯಾವ ವರ್ಷದ ಮುದ್ರಣ ಅಂತ ಹೇಳಿ. ಪ್ರತಿ ಪುಟ ಶುರುವಾದಾಗ 'ಪುಟ 41' ಅನ್ನಿ. ವಾಕ್ಯದ ಮಧ್ಯೆ ಪುಟ ತಿರುಗಿದರೆ ವಾಕ್ಯ ಮುಗಿಸಿ ಆಮೇಲೆ ಪುಟ ಹೇಳಿ. ಅಡಿಟಿಪ್ಪಣಿ ಬಂದರೆ 'ಅಡಿಟಿಪ್ಪಣಿ' ಅಂತ ಶುರು ಮಾಡಿ, 'ಟಿಪ್ಪಣಿ ಮುಗಿಯಿತು' ಅಂತ ನಿಲ್ಲಿಸಿ.

ಕೋಷ್ಟಕ ಇದ್ದರೆ ಸುಮ್ನೆ ಎಡದಿಂದ ಬಲಕ್ಕೆ ಅಂಕಿ ಓದಿಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಓದಿ: 'ಕೋಷ್ಟಕ ಶುರು. ವಿಷಯ, ಜಿಲ್ಲೆಗಳ ವಿಂಗಡಣೆ. ಮೂರು ಕಾಲಂ, ಎರಡು ಸಾಲು. ಸಾಲು ಒಂದು. ಜಿಲ್ಲೆ, ಗದಗ. ಹಳೇ ಜಿಲ್ಲೆ, ಧಾರವಾಡ. ಬೇರೆಯಾದ ವರ್ಷ, 1997. ಸಾಲು ಎರಡು. ಜಿಲ್ಲೆ, ಹಾವೇರಿ. ಹಳೇ ಜಿಲ್ಲೆ, ಧಾರವಾಡ. ಬೇರೆಯಾದ ವರ್ಷ, 1997. ಕೋಷ್ಟಕ ಮುಗಿಯಿತು.' ಬೇಜಾರು ಅನ್ನಿಸುತ್ತದೆ, ಗೊತ್ತು. ಆದರೆ ಕಾಲಂ ಹೆಸರು ಪ್ರತಿ ಸಾರಿ ಹೇಳದಿದ್ದರೆ ಐದನೇ ಸಾಲಿಗೆ ಬರುವಷ್ಟರಲ್ಲಿ ಯಾವ ಅಂಕಿ ಯಾವುದರದ್ದು ಅಂತ ಮರೆತೇ ಹೋಗಿರುತ್ತದೆ.

ನಕ್ಷೆಯಲ್ಲಿ ಪಾಠಕ್ಕೆ ಬೇಕಾದಷ್ಟನ್ನು ಹೇಳಿದರೆ ಸಾಕು. ಅಪರೂಪದ ಹೆಸರನ್ನು ಮೊದಲ ಸಾರಿ ಬಂದಾಗ ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ಉತ್ತರದಲ್ಲಿ ಅವರು ಅದನ್ನು ಬರೆಸಬೇಕಲ್ವಾ. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ನಾಲ್ಕೂ ಆಯ್ಕೆ ಓದಿ ಮೂರ್ನಾಲ್ಕು ಸೆಕೆಂಡ್ ಬಿಟ್ಟು ಮುಂದೆ ಹೋಗಿ. ಉತ್ತರಗಳೆಲ್ಲ ಬೇರೆ ಫೈಲಿನಲ್ಲಿ. ಪುಸ್ತಕದಲ್ಲಿ ಇಲ್ಲದ ನಿಮ್ಮ ಅಭಿಪ್ರಾಯ ಸೇರಿಸಬೇಡಿ. ಮುದ್ರಣದ ತಪ್ಪು ಕಂಡರೆ ಇದ್ದಂತೆಯೇ ಓದಿ, 'ಓದುಗರ ಟಿಪ್ಪಣಿ' ಅಂತ ಹೇಳಿ ಸರಿಯಾದದ್ದನ್ನು ತಿಳಿಸಿ.

ತಪ್ಪು ಓದಿದರೆ ರೆಕಾರ್ಡಿಂಗ್ ನಿಲ್ಲಿಸಬೇಡಿ. ಮೈಕ್ ಹತ್ತಿರ ಒಂದು ಚಪ್ಪಾಳೆ ತಟ್ಟಿ, ವಾಕ್ಯದ ಮೊದಲಿನಿಂದ ಮತ್ತೆ ಓದಿ. ಆಮೇಲೆ ಕಂಪ್ಯೂಟರಿನಲ್ಲಿ ನೋಡುವಾಗ ಆ ಚಪ್ಪಾಳೆ ಸೂಜಿಯ ಹಾಗೆ ಎದ್ದು ಕಾಣುತ್ತದೆ, ಎಲ್ಲಿ ಕತ್ತರಿಸಬೇಕು ಅಂತ ಹುಡುಕುವ ಕೆಲಸವೇ ಇಲ್ಲ. ಪುಟ ತಿರುಗಿಸುವಾಗ ಮಾತ್ರ ಮಾತು ನಿಲ್ಲಿಸಿ.

ಒಂದು ಅಧ್ಯಾಯಕ್ಕೆ ಒಂದು ಫೈಲ್. ಹೆಸರಿಡುವಾಗ 1, 2 ಅಲ್ಲ, 01, 02 ಅಂತ ಕೊಡಿ. ಇಲ್ಲದಿದ್ದರೆ ಎಷ್ಟೋ ಪ್ಲೇಯರ್‌ಗಳಲ್ಲಿ ಒಂದನೇ ಅಧ್ಯಾಯ ಮುಗಿದ ಕೂಡಲೇ ಹತ್ತನೆಯದು ಶುರುವಾಗುತ್ತದೆ.

ಕೊನೆಯದಾಗಿ, ಇಡೀ ಪುಸ್ತಕ ಓದಿ ಮುಗಿಸಿ ಕೊಡಬೇಡಿ. ಮೊದಲ ಅಧ್ಯಾಯ ಕೊಟ್ಟು ನಿಮ್ಮ ಗೆಳೆಯರು ಏನನ್ನುತ್ತಾರೆ ಕೇಳಿ. ರೂಢಿ ಇರುವವರು ಆಡಿಯೋವನ್ನು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳುತ್ತಾರೆ, ಹಾಗೆ ಕೇಳುವವರಿಗೆ ನಿಧಾನಕ್ಕಿಂತ ಅಕ್ಷರ ಸ್ಪಷ್ಟ ಇರುವುದು ಮುಖ್ಯ. ಅವರು ಹೂಂ ಅಂದ ಮೇಲೆ ಎರಡನೇ ಅಧ್ಯಾಯಕ್ಕೆ ಲೈಬ್ರರಿಯಲ್ಲಿ ಟೈಮ್ ಬುಕ್ ಮಾಡಿ.