ನಯಾಗರಾ ಫಾಲ್ಸ್: ಒಂದೇ ಹೆಸರಿನ ಎರಡು ಊರುಗಳಿಗೆ ಹೊಸದಾಗಿ ಬಂದ ಕುಟುಂಬಗಳಿಗೆ ಮಾರ್ಗದರ್ಶಿ

ನಯಾಗರಾ ನದಿಯ ಎರಡು ದಡಗಳಲ್ಲಿ ನಯಾಗರಾ ಫಾಲ್ಸ್ ಎಂಬ ಒಂದೇ ಹೆಸರಿನ ಎರಡು ಊರುಗಳಿವೆ. ಪಶ್ಚಿಮ ದಡದ ಊರು ಕೆನಡಾದ ಒಂಟಾರಿಯೊ ಪ್ರಾಂತ್ಯಕ್ಕೂ, ಪೂರ್ವ ದಡದ ಊರು ಅಮೆರಿಕದ ನ್ಯೂಯಾರ್ಕ್ ರಾಜ್ಯಕ್ಕೂ ಸೇರಿವೆ. ಎರಡರ ನಡುವಿನ ರೇನ್‌ಬೋ ಸೇತುವೆಯನ್ನು ನಡೆದೇ ದಾಟಬಹುದು. ಅತ್ತಿಬೆಲೆ ದಾಟಿ ಹೊಸೂರಿಗೆ ಹೋಗಿ ಬಂದು ಅಭ್ಯಾಸವಾದ ನಮ್ಮವರಿಗೆ ಇದೂ ಅಂಥದೇ ಗಡಿಯೆಂದು ತೋರುತ್ತದೆ. ಆದರೆ ಇದು ಎರಡು ದೇಶಗಳ ಗಡಿ. 1783ರ ಪ್ಯಾರಿಸ್ ಒಪ್ಪಂದದ ಕಾಲದಿಂದ ನದಿಯ ನಡುವೆಯೇ ಹಾದುಹೋಗಿದೆ.

ಯಾವ ನಯಾಗರಾ ಫಾಲ್ಸ್?

ಒಂಟಾರಿಯೊ ಬದಿಯ ಊರಿಗೆ 1881ರವರೆಗೆ ಕ್ಲಿಫ್ಟನ್ ಎಂಬ ಹೆಸರಿತ್ತು. ನ್ಯೂಯಾರ್ಕ್ ಬದಿಯ ಊರು 1892ರಲ್ಲಿ ನಗರವಾಯಿತು. ಇಂದು ಒಂಟಾರಿಯೊ ಬದಿಯದೇ ದೊಡ್ಡದು: 2021ರ ಜನಗಣತಿಯಲ್ಲಿ ಅಲ್ಲಿ 94,000ಕ್ಕೂ ಹೆಚ್ಚು ಜನರಿದ್ದರೆ, 2020ರ ಜನಗಣತಿಯಲ್ಲಿ ನ್ಯೂಯಾರ್ಕ್ ಬದಿಯಲ್ಲಿ 49,000ಕ್ಕಿಂತ ಕಡಿಮೆ ಜನರಿದ್ದರು.

ವಿಳಾಸ ಬರೆಯುವಾಗ, ಹೋಟೆಲ್ ಕಾಯ್ದಿರಿಸುವಾಗ, ಊರಿನಿಂದ ಬರುವವರಿಗೆ ಟಿಕೆಟ್ ಕೊಳ್ಳುವಾಗ ಊರಿನ ಹೆಸರಿನ ಮುಂದೆ ಒಂಟಾರಿಯೊ ಅಥವಾ ನ್ಯೂಯಾರ್ಕ್ ಎಂದು ಬರೆಯದೆ ಬಿಡಬೇಡಿ. ನಯಾಗರಾ ಫಾಲ್ಸ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇರುವುದು ನ್ಯೂಯಾರ್ಕ್ ಬದಿಯಲ್ಲಿ; ಬಫಲೊ ನಯಾಗರಾ ನಿಲ್ದಾಣವೂ ಅಮೆರಿಕದ್ದೇ. ಒಂಟಾರಿಯೊದಲ್ಲಿರುವ ಮಗಳ ಮನೆಗೆ ಬರುವ ತಂದೆತಾಯಿಗಳಿಗೆ ಅಮೆರಿಕದ ವೀಸಾ ಇಲ್ಲದಿದ್ದರೆ ಈ ಎರಡೂ ಉಪಯೋಗಕ್ಕೆ ಬರುವುದಿಲ್ಲ, ಅವರು ಟೊರಾಂಟೊದಲ್ಲಿಯೇ ಇಳಿಯಬೇಕು. ಟೊರಾಂಟೊ ಮತ್ತು ನ್ಯೂಯಾರ್ಕ್ ನಡುವೆ ಓಡುವ ಮೇಪಲ್ ಲೀಫ್ ರೈಲು ಎರಡೂ ಊರುಗಳಲ್ಲಿ ನಿಲ್ಲುತ್ತದೆ, ಎರಡೂ ನಿಲ್ದಾಣಗಳ ಹೆಸರು ನಯಾಗರಾ ಫಾಲ್ಸ್ ಎಂದೇ ಇದೆ.

ಪೆನ್ಸಿಲ್ವೇನಿಯಾದಿಂದ ರಜೆಗೆ ಬಂದ ನಮ್ಮ ಪರಿಚಯದ ಕುಟುಂಬವೊಂದು, ಜಲಪಾತ ಕಾಣುವ ಕೋಣೆ ಅಗ್ಗಕ್ಕೆ ಸಿಕ್ಕಿತೆಂದು ಮುಂಗಡ ಹಣ ಕಟ್ಟಿತ್ತು. ಆ ಹೋಟೆಲ್ ಇದ್ದದ್ದು ಎದುರು ದಡದಲ್ಲಿ. ಗಂಡ ಹೆಂಡತಿ ಇಬ್ಬರ ಬಳಿಯೂ ಕೆನಡಾ ವೀಸಾ ಇರಲಿಲ್ಲ. ಹಣ ಹಿಂದಿರುಗಲಿಲ್ಲ, ಮಕ್ಕಳು ಆ ರಾತ್ರಿಯನ್ನು ಹೆದ್ದಾರಿಯ ಪಕ್ಕದ ಕೋಣೆಯೊಂದರಲ್ಲಿ ಕಳೆದರು. ವಿಳಾಸದ ಕೊನೆಯ ಸಾಲನ್ನು ಓದುವುದಕ್ಕೆ ಅರ್ಧ ನಿಮಿಷವೂ ಬೇಕಾಗುವುದಿಲ್ಲ. ದಯವಿಟ್ಟು ಓದಿ.

ಕಾಗದಪತ್ರಗಳು

ಈ ಭಾಗವನ್ನು ಮನೆಯ ಹಿರಿಯರೆಲ್ಲರೂ ಓದಬೇಕು. ಒಂದೇ ಕಾರಿನಲ್ಲಿ ಕುಳಿತವರಿಗೆಲ್ಲ ಒಂದೇ ನಿಯಮವೆಂದು ತಿಳಿಯಬೇಡಿ. ಅಧಿಕಾರಿಗಳು ಪ್ರತಿಯೊಬ್ಬರ ಕಾಗದವನ್ನೂ ಬೇರೆಬೇರೆಯಾಗಿ ನೋಡುತ್ತಾರೆ. ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಅಲ್ಲಿಯ ಪಾಸ್‌ಪೋರ್ಟ್ ಇದ್ದು ಕೆನಡಾ ವೀಸಾ ಬೇಡವಾಗಿರಬಹುದು, ಅದೇ ಮಗುವಿನ ತಂದೆತಾಯಿಗಳಿಗೆ ಬೇಕಾಗಿರಬಹುದು.

ಭಾರತದ ಪಾಸ್‌ಪೋರ್ಟ್ ಹೊಂದಿ ಅಮೆರಿಕದಲ್ಲಿ ಎಚ್-1ಬಿ (ಕೆಲಸದ ವೀಸಾ) ಅಥವಾ ಎಚ್-4 (ಅವರ ಕುಟುಂಬದವರ ವೀಸಾ) ಮೇಲೆ ಇರುವವರಿಗೆ ಕೆನಡಾ ಪ್ರವೇಶಕ್ಕೆ ಸಂದರ್ಶಕ ವೀಸಾ ಬೇಕು. ಗ್ರೀನ್ ಕಾರ್ಡ್ (ಅಮೆರಿಕದ ಕಾಯಂ ನಿವಾಸದ ಕಾರ್ಡ್) ಇರುವವರಿಗೆ ವೀಸಾ ಬೇಡ, ಆದರೆ ಅವಧಿ ಮುಗಿಯದ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಎರಡೂ ಕೈಯಲ್ಲಿರಬೇಕು. ಒಂಟಾರಿಯೊ ಬದಿಯಲ್ಲಿ ನಮ್ಮವರು ಹೆಚ್ಚಾಗಿ ತಪ್ಪು ತಿಳಿಯುವುದು ಬೇರೆ ವಿಷಯದಲ್ಲಿ: ಕೆನಡಾದ ಕಾಯಂ ನಿವಾಸದ ಕಾರ್ಡ್ ಸಿಕ್ಕ ಮಾತ್ರಕ್ಕೆ ಅಮೆರಿಕದ ಬಾಗಿಲು ತೆರೆಯುವುದಿಲ್ಲ. ಪಾಸ್‌ಪೋರ್ಟ್ ಭಾರತದ್ದಾಗಿರುವವರೆಗೆ ಅಮೆರಿಕದ ವೀಸಾ ಬೇಕೇ ಬೇಕು; ಕೆನಡಾದ ಪೌರತ್ವ ಬಂದ ಮೇಲೆ ಮಾತ್ರ ವೀಸಾ ಇಲ್ಲದೆ ಪ್ರವಾಸ ಹೋಗಿ ಬರಬಹುದು.

ಅಮೆರಿಕದಲ್ಲಿರುವವರ ಪಾಸ್‌ಪೋರ್ಟಿನ ವೀಸಾ ಅವಧಿ ಮುಗಿದಿದ್ದರೂ ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದೆಂಬ ದಾಖಲೆ) ಅವಧಿ ಉಳಿದಿದ್ದರೆ, ಕೆನಡಾಕ್ಕೆ ಹೋಗಿ 30 ದಿನಗಳೊಳಗೆ ಹಿಂದಿರುಗಲು ಸಾಮಾನ್ಯವಾಗಿ ಅವಕಾಶವಿದೆ. ಆ ಸಮಯದಲ್ಲಿ ಕೆನಡಾದಲ್ಲಿ ಹೊಸ ಅಮೆರಿಕ ವೀಸಾಕ್ಕೆ ಅರ್ಜಿ ಹಾಕಿದರೆ ಈ ಅವಕಾಶ ತಪ್ಪಿಹೋಗುತ್ತದೆ. ಐ-94ರ ಮುದ್ರಿತ ಪ್ರತಿಯನ್ನು ಜೊತೆಗಿಟ್ಟುಕೊಳ್ಳಿ. ತಂದೆ ಅಥವಾ ತಾಯಿ ಒಬ್ಬರೇ ಮಗುವನ್ನು ಕರೆದುಕೊಂಡು ಗಡಿ ದಾಟುವುದಾದರೆ, ಇನ್ನೊಬ್ಬರ ಸಹಿಯುಳ್ಳ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಇಟ್ಟುಕೊಳ್ಳಿ.

ಸೇತುವೆ ದಾಟಿ ಸುತ್ತಿ ಬಂದು ಗಡಿಯಲ್ಲಿಯೇ ಕೆಲಸದ ಅಥವಾ ಓದಿನ ಪರವಾನಗಿ ಪಡೆಯುವ ದಾರಿಯನ್ನು ಹಳಬರು ಇಂದಿಗೂ ಹೇಳಿಕೊಡುತ್ತಾರೆ. ಕೆನಡಾ ಸರ್ಕಾರ ಕೆಲವು ವಿನಾಯಿತಿಗಳನ್ನು ಬಿಟ್ಟು ಅದನ್ನು 2024ರ ಡಿಸೆಂಬರ್ 23ರಿಂದ ನಿಲ್ಲಿಸಿದೆ. ಹಿರಿಯರೆಂಬ ಗೌರವ ಇರಲಿ, ಆದರೆ ವಲಸೆಯ ವಿಷಯದಲ್ಲಿ ಸರ್ಕಾರಿ ಜಾಲತಾಣವನ್ನು ನೋಡದೆ ಯಾರ ಮಾತನ್ನೂ, ನಮ್ಮ ಈ ಬರಹವನ್ನೂ ಸೇರಿಸಿ, ಕೊನೆಯದೆಂದು ತಿಳಿಯಬೇಡಿ.

ಸೇತುವೆಗಳು

ರೇನ್‌ಬೋ ಸೇತುವೆ 1941ರದು. ಕಾರುಗಳಿಗೂ ಪಾದಚಾರಿಗಳಿಗೂ ತೆರೆದಿದೆ, ಲಾರಿಗಳಿಗೆ ಇಲ್ಲ. ವರ್ಲ್‌ಪೂಲ್ ಸೇತುವೆ ನೆಕ್ಸಸ್ ಕಾರ್ಡ್ (ಮೊದಲೇ ಪರಿಶೀಲನೆಯಾದವರು ಗಡಿಯನ್ನು ಬೇಗ ದಾಟಲು ಕೊಡುವ ಕಾರ್ಡ್) ಇರುವವರಿಗೆ ಮಾತ್ರ. ಉತ್ತರಕ್ಕೆ ಲೂಯಿಸ್ಟನ್–ಕ್ವೀನ್‌ಸ್ಟನ್ ಸೇತುವೆ, ದಕ್ಷಿಣಕ್ಕೆ ಬಫಲೊ ಬಳಿ ಪೀಸ್ ಬ್ರಿಜ್.

ಫೋನಿನ ನಕ್ಷೆಗೆ ಹತ್ತಿರದ ದಾರಿ ಗೊತ್ತು, ನಿಮ್ಮ ವೀಸಾ ಗೊತ್ತಿಲ್ಲ. ‘ಕೆನಡಾಕ್ಕೆ ಸೇತುವೆ’ ಎಂಬರ್ಥದ ಫಲಕ ಕಂಡ ಕೂಡಲೇ ನಿಮ್ಮ ಸಾಲು ಯಾವುದೆಂದು ನೋಡಿಕೊಳ್ಳಿ; ಸೇತುವೆಯ ಸಾಲಿಗೆ ಸೇರಿದ ಮೇಲೆ ಕಾರು ತಿರುಗಿಸಲು ಬಿಡುವುದಿಲ್ಲ. ಕೈತಪ್ಪಿ ಹೋಗಿಬಿಟ್ಟರೆ ಹೆದರಬೇಡಿ, ಗಾಬರಿಯಿಂದ ಕಥೆ ಕಟ್ಟಬೇಡಿ. ದಾರಿ ತಪ್ಪಿ ಬಂದೆವು ಎಂದು ಇದ್ದದ್ದನ್ನೇ ಹೇಳಿ. ಆಚೆ ದಡದ ಅಧಿಕಾರಿಗಳು ಕಾಗದ ಬರೆದುಕೊಟ್ಟು ಹಿಂದಕ್ಕೆ ಕಳಿಸಬಹುದು; ಆ ಕಾಗದವನ್ನು ಈಚೆಯ ಅಧಿಕಾರಿಗೆ ತೋರಿಸಿ ಜೋಪಾನವಾಗಿಡಿ. ‘ನೀವಿರುವುದು ಎಲ್ಲಿ?’ ಎಂದು ಕೇಳಿದಾಗ ಬರೀ ನಯಾಗರಾ ಫಾಲ್ಸ್ ಎಂದರೆ ಮರುಪ್ರಶ್ನೆ ಬರುವುದು ಖಂಡಿತ. ಊರು, ರಾಜ್ಯ ಎರಡನ್ನೂ ಒಟ್ಟಿಗೇ ಹೇಳಿ.

ಅಪ್ಪ ಅಮ್ಮ ಬಂದಾಗ

ರೇನ್‌ಬೋ ಸೇತುವೆಯ ಕಾಲುದಾರಿಯ ನಡುವೆ ಎರಡು ದೇಶಗಳ ಗಡಿಯನ್ನು ಗುರುತಿಸುವ ಫಲಕವಿದೆ. ಅದರ ಎರಡು ಬದಿಗೆ ಒಂದೊಂದು ಕಾಲಿಟ್ಟು ಚಿತ್ರ ತೆಗೆಸಿಕೊಳ್ಳಬೇಕೆಂದು ಮೊಮ್ಮಕ್ಕಳು ಅಜ್ಜ ಅಜ್ಜಿಯರನ್ನು ಎಳೆದುಕೊಂಡು ಹೋಗುತ್ತಾರೆ. ಕೆನಡಾ ಬದಿಯಲ್ಲಿ ತಿರುಗುಗೇಟು ದಾಟಿ ಸೇತುವೆಗೆ ಕಾಲಿಟ್ಟವರು, ಅರ್ಧ ದಾರಿಗೇ ಹಿಂದಿರುಗಿದರೂ, ಕೆನಡಾದ ಅಧಿಕಾರಿಯ ಮುಂದೆ ನಿಂತು ಪಾಸ್‌ಪೋರ್ಟ್ ತೋರಿಸಿಯೇ ಒಳಬರಬೇಕು. ಪಾಸ್‌ಪೋರ್ಟನ್ನು ಮನೆಯ ಬೀರುವಿನಲ್ಲಿಟ್ಟು ಬಂದ ಹಿರಿಯರನ್ನು ಅಲ್ಲಿಗೆ ಕರೆದೊಯ್ಯಬೇಡಿ. ವೀಸಾ ಒಂದೇ ಪ್ರವೇಶದ್ದಾಗಿದ್ದರೆ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಿ.

ಜಲಪಾತ ಎರಡೂ ದಡಗಳಿಂದ ಚೆನ್ನಾಗಿ ಕಾಣುತ್ತದೆ. ಕುದುರೆಲಾಳದ ಆಕಾರದ ದೊಡ್ಡ ಜಲಪಾತ ಒಂಟಾರಿಯೊ ಬದಿಯಿಂದ ಎದುರಿಗೇ ಕಾಣುತ್ತದೆ. ನ್ಯೂಯಾರ್ಕ್ ಬದಿಯ ಉದ್ಯಾನ 1885ರಿಂದ ಇದೆ, ಅಲ್ಲಿ ಧುಮುಕುವ ನೀರಿನ ಅಂಚಿಗೇ ಹೋಗಿ ನಿಲ್ಲಬಹುದು. ಎರಡು ಬದಿಗಳಿಂದಲೂ ದೋಣಿ ಹೊರಡುತ್ತದೆ. ಅಮೆರಿಕದ ದೋಣಿಯವರು ನೀಲಿ ಮಳೆಯಂಗಿ ಕೊಡುತ್ತಾರೆ, ಕೆನಡಾದವರು ಕೆಂಪು. ನ್ಯೂಯಾರ್ಕ್ ಬದಿಯಲ್ಲಿ 1895ರಲ್ಲಿ ದೊಡ್ಡ ಪ್ರಮಾಣದ ಜಲವಿದ್ಯುತ್ ಆರಂಭವಾದ ಏಳೇ ವರ್ಷಗಳಲ್ಲಿ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತೆಂಬುದನ್ನು ಮಕ್ಕಳಿಗೆ ಅಲ್ಲಿಯೇ ನಿಂತು ಹೇಳಿ.

ಹಿರಿಯರ ಆರೋಗ್ಯ ವಿಮೆ ಎದುರು ದಡದಲ್ಲಿಯೂ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಒಂಟಾರಿಯೊದ ಸರ್ಕಾರಿ ವಿಮೆ ಅಮೆರಿಕದ ಆಸ್ಪತ್ರೆಯ ಬಿಲ್ಲಿನಲ್ಲಿ ಸಣ್ಣ ಭಾಗವನ್ನಷ್ಟೇ ಭರಿಸುತ್ತದೆ.

ಚೀಲದಲ್ಲಿರುವುದು

ಕರಿಬೇವು! ಒಂಟಾರಿಯೊದ ಅಂಗಡಿಯಲ್ಲಿ ಕೊಂಡ ಹಸಿ ಕರಿಬೇವನ್ನು ಅಮೆರಿಕಕ್ಕೆ ಒಯ್ಯಬೇಡಿ. ಕಿತ್ತಳೆ, ನಿಂಬೆ ಗಿಡಗಳನ್ನು ಕೊಲ್ಲುವ ರೋಗ ಹರಡುವ ಕೀಟ ಆ ಎಲೆಗಳ ಮೇಲೂ ಬದುಕುವುದರಿಂದ ಅದಕ್ಕೆ ನಿಷೇಧವಿದೆ. ಒಗ್ಗರಣೆಗೆ ನಾಲ್ಕು ಎಸಳು ತಾನೇ ಎಂದು ಬಚ್ಚಿಡುವುದು ನಮ್ಮವರೆಲ್ಲರ ಹೆಸರಿಗೆ ಮಸಿ. ಚೀಲದಲ್ಲಿರುವ ತಿಂಡಿ, ಹಣ್ಣು, ಬೀಜ ಎಲ್ಲವನ್ನೂ ಕೇಳುವ ಮೊದಲೇ ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ಎತ್ತಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ.

ಕೆನಡಾ ನಿವಾಸಿಗಳು 24 ಗಂಟೆಯೊಳಗೆ ಹಿಂದಿರುಗಿದರೆ ಕೊಂಡ ಸಾಮಾನಿಗೆ ಸುಂಕ ವಿನಾಯಿತಿ ಇಲ್ಲ. 24 ಗಂಟೆ ಕಳೆದರೆ 200 ಕೆನಡಾ ಡಾಲರ್, 48 ಗಂಟೆ ಕಳೆದರೆ 800. ಮದುವೆಗೆ ಹಾಕಿಕೊಂಡು ಹೋಗುವ ಒಡವೆಗಳ ರಸೀದಿ ಮತ್ತು ಚಿತ್ರ ಜೊತೆಗಿರಲಿ.

ಉಳಿದವು

- ವೇಗ: ಒಂಟಾರಿಯೊದಲ್ಲಿ ಕಿಲೋಮೀಟರ್, ನ್ಯೂಯಾರ್ಕಿನಲ್ಲಿ ಮೈಲಿ.
- ಗಡಿಯಾರ: ಎರಡೂ ಕಡೆ ಒಂದೇ ಸಮಯ.
- ಫೋನ್: ನದಿಯಂಚಿನಲ್ಲಿ ಎದುರು ದಡದ ಗೋಪುರ ಹಿಡಿಯುತ್ತದೆ, ರೋಮಿಂಗ್ ಆರಿಸಿಡಿ.
- ತುರ್ತು ಕರೆ: ಎರಡೂ ಕಡೆ 911.
- ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮ: ಸಭಾಂಗಣ ಯಾವ ದಡದಲ್ಲಿದೆ ಎಂಬುದು ಆಮಂತ್ರಣದಲ್ಲಿ ಕಾಣದಿದ್ದರೆ ಸಂಘದವರನ್ನು ಕೇಳಿಯೇ ಹೊರಡಿ.