ಸಿವಿಲ್ ಸೈಡ್ ಹಿಡಿದ ಕಥೆ – ಕೋಲಾರದಿಂದ ನನ್ನ ಅನುಭವ

ಬಿಕಾಂ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿದಾಗ ಊರಲ್ಲಿ ಎಲ್ರೂ ಕೇಳಿದ್ದು ಒಂದೇ, ಕೊಲೆ ಕೇಸೆಲ್ಲಾ ನಡೆಸ್ತೀಯೇನಮ್ಮ ಅಂತ. ಪುಸ್ತಕದಲ್ಲಿ ಖಾಸಗಿ ಕಾನೂನು ಅಂತಿರುತ್ತಲ್ಲ, ಕೋರ್ಟಲ್ಲಿ ಅದನ್ನ ಯಾರೂ ಹಂಗೆ ಕರೆಯಲ್ಲ, ಸಿವಿಲ್ ಸೈಡ್ ಅಂತಾರೆ ಅಷ್ಟೇ, ಅಂದ್ರೆ ಆಸ್ತಿ, ಪಾಲು, ಒಪ್ಪಂದದ ಕೇಸುಗಳು. ಕಾಂಟ್ರ್ಯಾಕ್ಟ್ ಆಕ್ಟ್ 1872, ಆಸ್ತಿ ವರ್ಗಾವಣೆಯ ಟಿಪಿ ಆಕ್ಟ್ 1882, ಹಿಂದೂ ಉತ್ತರಾಧಿಕಾರ 1956, ಮೊದಲೆರಡು ಸೆಮಿಸ್ಟರ್ ನಾನು ಇವನ್ನೆಲ್ಲ ಮಗ್ಗಿ ತರ ಬಾಯಿಪಾಠ ಹೊಡೆದೆ, ತಲೆಗೆ ಏನೂ ಹತ್ತಲಿಲ್ಲ.

ಹತ್ತಿದ್ದು ಅಪ್ಪನ ಟ್ರಂಕಿಂದ. ಅಪ್ಪ ಒಂದು ಸೈಟಿಗೆ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡ್ಕೊಂಡು, ಸೈಟ್ ನಮ್ದೇ ಅಂತ ನಂಬ್ಕೊಂಡು ಪತ್ರ ಟ್ರಂಕಲ್ಲಿ ಇಟ್ಟಿದ್ರು. ಟಿಪಿ ಆಕ್ಟ್ ಸೆಕ್ಷನ್ 54 ಪಕ್ಕದಲ್ಲಿಟ್ಕೊಂಡು ಓದಿದೆ, ಬರೀ ಅಗ್ರಿಮೆಂಟಿಂದ ಆಸ್ತಿ ಮೇಲೆ ಯಾವ ಹಕ್ಕೂ ಬರಲ್ಲ, ಕ್ರಯಪತ್ರ ರಿಜಿಸ್ಟರ್ ಆಗ್ಬೇಕು. ದಾವಾ ಹಾಕೋಣ ಅಂದ್ರೆ, ಎಷ್ಟು ದಿನದೊಳಗೆ ಹಾಕ್ಬೇಕು ಅಂತ ಹೇಳೋ ಲಿಮಿಟೇಶನ್ ಆಕ್ಟಲ್ಲಿ ಮೂರೇ ವರ್ಷ, ಪತ್ರದಲ್ಲಿ ಹಾಕಿದ್ದ ಗಡುವು ಮುಗಿದು ಏಳು ವರ್ಷ ಆಗಿತ್ತು. ಅವತ್ತು ಅಪ್ಪ ಊಟ ಮಾಡಲಿಲ್ಲ. ಆಮೇಲೆ ನಾನು ಸೆಕ್ಷನ್ ಓದೋ ರೀತೀನೇ ಬದಲಾಯ್ತು, ಯಾವ ಸೆಕ್ಷನ್ ಓದಿದ್ರೂ ಮನೇದೋ ಪಕ್ಕದ ಮನೇದೋ ಒಂದು ಪತ್ರ ಜೊತೆಗಿರ್ತಿತ್ತು. ಪರೀಕ್ಷೆ ಕನ್ನಡದಲ್ಲೂ ಬರೀಬಹುದು, ನಾನು ಬರೆದೆ, ಆದ್ರೆ ಹೈಕೋರ್ಟ್, ಸುಪ್ರೀಂ ಕೋರ್ಟ್ ಜಡ್ಜ್‌ಮೆಂಟೆಲ್ಲ ಇಂಗ್ಲಿಷಲ್ಲೇ ಬರೋದ್ರಿಂದ ಅದನ್ನೂ ಗುದ್ದಾಡ್ಕೊಂಡು ಕಲ್ತೆ.

ವಕೀಲೆ ಅಂತ ಎನ್‌ರೋಲ್ ಆಗಿ, ಬಾರ್ ಎಕ್ಸಾಮ್ ಪಾಸ್ ಮಾಡ್ಕೊಂಡು ಒಬ್ರು ಸೀನಿಯರ್ ವಕೀಲರ ಆಫೀಸ್ ಸೇರಿದೆ. ಮೊದಲ ವರ್ಷ ಕೈಗೆ ಬರ್ತಿದ್ದುದು ಬಸ್ ಚಾರ್ಜಿಗೆ ಸರಿಹೋಗ್ತಿತ್ತು, ಸುಳ್ಳು ಹೇಳಲ್ಲ. ಕೆಲಸ ಮಾತ್ರ ಬೇಕಾದಷ್ಟು, ನರಸಾಪುರ ಮಾಲೂರು ಕಡೆ ಫ್ಯಾಕ್ಟರಿ ಬಂದು ಜಮೀನಿನ ರೇಟ್ ಏರಿದ್ಮೇಲೆ ಹತ್ತಿಪ್ಪತ್ತು ವರ್ಷ ಮಾತಿಲ್ಲದ ಅಣ್ಣತಮ್ಮಂದಿರೂ ಪಾಲು ಅಂತ ಬರ್ತಾರೆ.

ಒಂದ್ಸಲ ಬ್ಯಾಂಕ್ ಲೋನಿಗೆ ಟೈಟಲ್ ನೋಡೋ, ಅಂದ್ರೆ ಜಮೀನು ನಿಜವಾಗ್ಲೂ ಯಾರದು ಅಂತ ನೋಡೋ ಫೈಲ್ ನಂಗೆ ಕೊಟ್ರು. ಮೂವತ್ತು ವರ್ಷದ ಇಸಿ (ಋಣಭಾರ ಪತ್ರ) ಕ್ಲೀನ್, ಪಹಣಿ ಒಬ್ನೇ ಮಗನ ಹೆಸರಲ್ಲಿ, ಮ್ಯುಟೇಶನ್ (ಖಾತೆ ಬದಲಾವಣೆ) ಸರಿ ಇದೆ, ನಾನು ಖುಷಿಯಾಗಿ ಲೋನ್ ಕೊಡಬಹುದು ಅಂತ ಒಪಿನಿಯನ್ ಟೈಪ್ ಮಾಡ್ಕೊಂಡು ಹೋದೆ. ಸೀನಿಯರ್ ವಂಶವೃಕ್ಷ ನೋಡಿ ಕನ್ನಡಕ ತೆಗೆದ್ರು, 'ಏನಮ್ಮಾ, ಮೂರು ತಲೆಮಾರು ಈ ಮನೇಲಿ ಒಂದು ಹೆಣ್ಣೂ ಹುಟ್ಟಿಲ್ವಾ?' ಅಂದ್ರು. ಅವರ ಊರಿಗೆ ಹೋದೆ, ಆ ಮನೆ ಅಜ್ಜಿ ಕಾಫಿ ಕೊಟ್ಟು ಆರಾಮಾಗಿ ಹೇಳಿದ್ಲು, ಇಬ್ರು ಹೆಣ್ಮಕ್ಳಿದಾರಲ್ಲಮ್ಮ, ಚಿಂತಾಮಣಿಗೆ ಕೊಟ್ಟಿದೀವಿ. ಪಿತ್ರಾರ್ಜಿತ ಆಸ್ತೀಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರಲ್ಲೇ ತಿದ್ದುಪಡಿ ಆಗಿದೆ, ಆ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ವಿನೀತಾ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಸಿಲಿ ಬರೋದು ರಿಜಿಸ್ಟರ್ ಆದ ವ್ಯವಹಾರ ಮಾತ್ರ, ಮದುವೆ ಮಾಡಿ ಕಳಿಸಿದ ಮಗಳ ಪಾಲು ಅದ್ರಲ್ಲಿ ಎಲ್ಲಿ ಕಾಣ್ಬೇಕು. ಒಪಿನಿಯನ್ ಹರಿದು ಹೊಸದಾಗಿ ಬರೆದೆ, ಅಕ್ಕತಂಗಿ ಇಬ್ರನ್ನೂ ಕೂರಿಸಿ ಪಾಲು ಪತ್ರ ರಿಜಿಸ್ಟರ್ ಮಾಡಿಸ್ಕೊಂಡು ಬನ್ನಿ, ಆಮೇಲೆ ಲೋನ್ ಅಂತ.

ದಾರಿ ಇದೊಂದೇ ಅಲ್ಲ. ಕ್ಲಾಸ್‌ಮೇಟ್ ಒಬ್ಬ ದಿನಾ ಬಂಗಾರಪೇಟೆಯಿಂದ ರೈಲಲ್ಲಿ ಬೆಂಗಳೂರಿಗೆ ಹೋಗಿ ಕಂಪನಿಲಿ ಕಾಂಟ್ರ್ಯಾಕ್ಟ್ ಡ್ರಾಫ್ಟ್ ಮಾಡ್ತಾನೆ, ಕರೆಕ್ಟಾಗಿ ಸಂಬಳ, ಕೋರ್ಟ್ ಮುಖ ನೋಡಲ್ಲ, ನಂಗೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ನಮ್ಮ ಆಫೀಸಿನ ಜೂನಿಯರಿಗೆ ಸಿವಿಲ್ ಜಡ್ಜ್ ಆಗೋ ಆಸೆ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ತೀರ್ಪಾದ್ಮೇಲೆ ಅದಕ್ಕೆ ಮೂರು ವರ್ಷ ಪ್ರಾಕ್ಟೀಸ್ ಕಡ್ಡಾಯ, ಅವಳಿಗಿನ್ನೂ ಒಂದು ವರ್ಷ ಬಾಕಿ, ಅಲ್ಲೀವರೆಗೂ ನನ್ ಜೊತೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಸರ್ವರ್ ಡೌನ್ ಅನ್ನಿಸ್ಕೊಂಡು ನಿಂತ್ಕೋತಾಳೆ.